ಅಕ್ಕ ಜರಡಿ ಹಿಡಿದ ಕೊನೆಯ ಪುಡಿ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ತಮ್ಮ ಕುಲುಮೆಯ ಬಾಗಿಲು ತೆಗೆದು, ಆರಿದ ಕೊಳವೆಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡುತ್ತಿದ್ದ. ಫೋನಿನಲ್ಲಿ ಅಕ್ಕನ ಮಗಳ ದನಿ.

“ಮಾವ, ಅಮ್ಮ ಹೋಗ್ಬಿಟ್ಳು. ಈಗ ತಾನೆ. ಬೆಳಿಗ್ಗೆ ನಿನ್ನನ್ನೇ ಕೇಳ್ತಿದ್ಳು.”

ಕೈಯಲ್ಲಿದ್ದ ಕೊಳವೆಯನ್ನು ಅವನು ಮೆಲ್ಲಗೆ ಕೆಳಗಿಟ್ಟ. ಅರವತ್ತರ ಹತ್ತಿರದ ಮನುಷ್ಯ, ಆ ಗಳಿಗೆಯಲ್ಲಿ ಜನಜಂಗುಳಿಯಲ್ಲಿ ಅಕ್ಕನ ಕೈ ತಪ್ಪಿಹೋದ ಹುಡುಗನಂತೆ ಸುತ್ತಲೂ ನೋಡಿದ.

ಆ ಕಾರ್ಖಾನೆಗೆ ಅವನನ್ನು ಕರೆತಂದವಳೇ ಅಕ್ಕ. ಅಲ್ಲಿ ಬಿಸಿ ಹೊಗೆಯಿಂದ ಧೂಳನ್ನು ಸೋಸುವ ಕೊಳವೆಗಳು ತಯಾರಾಗುತ್ತಿದ್ದವು. ಕಬ್ಬಿಣದ ಪುಡಿಗೆ ಅಲ್ಯುಮಿನಿಯಂ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿಡುವುದು. ಕಾವು ಏರಿದಂತೆ ಅಲ್ಯುಮಿನಿಯಂ ತಾನಿದ್ದ ಜಾಗ ಬಿಟ್ಟು ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಬಿಟ್ಟುಹೋದ ಜಾಗ ರಂಧ್ರವಾಗಿ ಉಳಿಯುತ್ತದೆ. ಕೊನೆಗೆ ಅದು ಕಬ್ಬಿಣವೂ ಅಲ್ಲ, ಅಲ್ಯುಮಿನಿಯಮ್ಮೂ ಅಲ್ಲ, ಎರಡೂ ಕೂಡಿ ಹುಟ್ಟಿದ ಮೂರನೆಯದೇ ಒಂದು ವಸ್ತು. ರಂಧ್ರಗಳಲ್ಲಿ ಹೊಗೆ ಹಾದುಹೋಗುತ್ತದೆ, ಧೂಳು ಹೊರಗೇ ನಿಲ್ಲುತ್ತದೆ.

ಆ ಪುಡಿಯನ್ನು ದಿನಗೂಲಿಯ ಮೇಲೆ, ಆಸ್ಪತ್ರೆ ಸೇರುವವರೆಗೂ, ಮೂವತ್ತು ವರ್ಷ ಜರಡಿ ಹಿಡಿದವಳು ಅಕ್ಕ. “ದಪ್ಪ ಕಾಳು ಬಿಟ್ರೆ ದಪ್ಪ ತೂತು ಬಿಟ್ಟ ಹಾಗೇ ಕಣೋ. ಕೊಳವೆ ಅಲ್ಲೇ ಮುರಿಯುತ್ತೆ” ಎನ್ನುತ್ತಿದ್ದಳು.

“ಎಷ್ಟು ಸೋಸ್ತೀಯೇ ಅಕ್ಕ? ನನ್ನೂ ಒಂದ್ಸಲ ಸೋಸ್ಬಿಡು” ಎಂದು ಅವನು ಕೆಣಕಿದರೆ, “ನಿನ್ನ ಬುದ್ಧೀನ ಸೋಸಿ ನೋಡ್ದೆ, ಜರಡಿ ಮೇಲೆ ಏನೂ ಉಳೀಲಿಲ್ಲ” ಎಂದು ಸೆರಗಿನಿಂದ ಮುಖದ ಪುಡಿ ಒರೆಸಿಕೊಂಡು ನಗುತ್ತಿದ್ದಳು.

ಅಂತ್ಯಕ್ರಿಯೆ ಮುಗಿಸಿ ಮೂರನೆಯ ದಿನ ಅವನು ಕೆಲಸಕ್ಕೆ ಬಂದ. ಪರೀಕ್ಷೆಯ ಕೋಣೆಯ ಹುಡುಗಿ, ಎಲ್ಲರ ಬಾಯಲ್ಲಿ ಇಂಜಿನಿಯರಮ್ಮ, ಅವನ ಮುಖ ನೋಡಲಾರದೆ ಕಾಗದ ನೋಡುತ್ತ ನಿಂತಿದ್ದಳು.

“ಯಜಮಾನ್ರೆ, ಅಕ್ಕ ಕೊನೇಗೆ ಸೋಸಿಟ್ಟ ಪುಡೀದು, ಆವತ್ತು ನೀವು ತೆಗೆದ ಕೊಳವೆಗಳು, ತಡೀಬೇಕಾದ ಭಾರದ ಅರ್ಧಕ್ಕೇ ಮುರಿದ್ವು. ಅಕ್ಕನ ಕಣ್ಣು ಮಂಜಾಗಿತ್ತಲ್ಲ, ಜರಡಿ ಹರಿದಿದ್ದು ಕಂಡಿರಲ್ಲ ಅಂತ ಮೇಲ್ವಿಚಾರಕರು ‘ಜರಡಿಯ ದೋಷ’ ಅಂತ ಬರೆಯೋಕೆ ಹೇಳಿದ್ದಾರೆ. ಡಬ್ಬದಲ್ಲಿ ಉಳಿದ ಪುಡೀನೂ ಎಸೀಬೇಕಂತೆ.”

ಮೂವತ್ತು ವರ್ಷ ಒಂದು ಆಕ್ಷೇಪದ ಮಾತೂ ಕೇಳದ ಕೈ. ಅದು ಮಾಡಿದ ಕೊನೆಯ ಕೆಲಸಕ್ಕೆ ಕಳಂಕವೇ?

“ಮುರಿದ ಜಾಗ ತೋರ್ಸು ತಾಯಿ.”

ಅವಳು ಒಂದು ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅವನು ಕನ್ನಡಕ ತೆಗೆದು ಬಾಗಿದ. ದಪ್ಪ ಕಾಳು ನುಸುಳಿದ್ದರೆ, ಸಣ್ಣ ರಂಧ್ರಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ರಂಧ್ರ ಒಂಟಿಯಾಗಿ ಕಾಣಬೇಕಿತ್ತು. ಕಂಡದ್ದು ಅದಲ್ಲ. ರಂಧ್ರಗಳು ಒಂದರೊಳಗೊಂದು ಹರಿದು ಸೇರಿ, ಚಪ್ಪಟೆಯಾಗಿ, ಚೂಪು ಮೂಲೆಗಳ ಸೀಳುಗಳಾಗಿದ್ದವು. ದುಂಡನೆಯ ರಂಧ್ರ ಭಾರವನ್ನು ಸುತ್ತಲೂ ಹಂಚುತ್ತದೆ. ಚೂಪು ಮೂಲೆ ಎಲ್ಲವನ್ನೂ ತನ್ನ ತುದಿಗೇ ಎಳೆದುಕೊಳ್ಳುತ್ತದೆ. ಬಿರುಕು ಮೂಲೆಯಿಂದ ಮೂಲೆಗೆ ಹಾಯುತ್ತ ಹೋಗಿತ್ತು.

ಅವನಿಗೆ ತಿಳಿಯಿತು. ನೋಡುವ ಮೊದಲೇ ತಿಳಿದಿತ್ತೋ ಏನೋ.

ಆರುನೂರು ಡಿಗ್ರಿಯ ಹತ್ತಿರ ಕಾವನ್ನು ನಾಲ್ಕು ಗಂಟೆ ನಿಲ್ಲಿಸಬೇಕು. ಅಲ್ಯುಮಿನಿಯಂ ಕರಗುವ ಮೊದಲೇ ಸಾವಕಾಶವಾಗಿ ಕಬ್ಬಿಣಕ್ಕೆ ಸೇರಿಕೊಳ್ಳಲಿ ಎಂದು. ಅವಸರ ಮಾಡಿದರೆ ಅದು ಒಮ್ಮೆಲೇ ಕರಗಿ, ಎರಡು ಲೋಹಗಳೂ ಭಗ್ಗನೆ ಕೂಡಿಕೊಂಡು ಕೊಳವೆಯನ್ನು ಒಳಗಿನಿಂದಲೇ ಉಬ್ಬಿಸಿ ಸೀಳಿಬಿಡುತ್ತವೆ. ಕುಲುಮೆ ಹಳೆಯದು, ಆ ನಾಲ್ಕು ಗಂಟೆ ಪಕ್ಕದಲ್ಲೇ ಇರಬೇಕು. ಅಕ್ಕನಿದ್ದ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವುದು ಸಂಜೆ ಆರರವರೆಗೆ. ಅಕ್ಕ ತೀರಿಕೊಳ್ಳುವ ಹಿಂದಿನ ದಿನ ಅವನು ಒಂದೇ ಗಂಟೆ ನಿಲ್ಲಿಸಿ, ಕಾವು ಏರಿಸಿ, ಮುಂದಿನದನ್ನು ಯಂತ್ರಕ್ಕೆ ಬಿಟ್ಟು ಓಡಿದ್ದ.

“ಇಷ್ಟು ಬೇಗ ಬಂದ್ಯಲ್ಲೋ. ಪೂರ್ತಿ ನಿಲ್ಸಿದ್ಯಾ?” ಎಂದು ಅಕ್ಕ ಮಲಗಿದ್ದಲ್ಲಿಂದಲೇ ಕೇಳಿದ್ದಳು.

“ಹೂಂ ಅಕ್ಕ.”

“ನಿನ್ನ ಹೂಂ ನಂಗೊತ್ತಿಲ್ವಾ” ಎಂದು ಅವನ ಕೈ ಹಿಡಿದುಕೊಂಡಳು. ಬೈಯಲಿಲ್ಲ. ಆರು ಹೊಡೆಯುವವರೆಗೆ ಬಿಡಲೂ ಇಲ್ಲ.

ಅವನು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. “ಇದು ಜರಡಿ ತಪ್ಪಲ್ಲಮ್ಮ. ಕಾವಿನ ತಪ್ಪು. ನಾನು ಅವಸರ ಮಾಡ್ದೆ.”

“ಹಾಗೆ ಬರೆದ್ರೆ ನಿಮ್ಮ ಮೇಲೆ ಬರುತ್ತೆ ಯಜಮಾನ್ರೆ. ನಿವೃತ್ತಿಗೆ ಆರು ತಿಂಗಳೂ ಇಲ್ಲ. ಅಕ್ಕನಿಗೆ ಇನ್ನು ಯಾರು ಏನಂದ್ರೂ…”

“ಅವಳಿಗೆ ಕೇಳ್ಸಲ್ಲ ಅಂತಲಾ? ನಂಗೆ ಕೇಳ್ಸುತ್ತಲ್ಲ ತಾಯಿ. ಆ ಡಬ್ಬ ಈಚೆ ಕೊಡು.”

ಉಳಿದ ಪುಡಿಯಲ್ಲಿ ಐದು ಕೊಳವೆಗಳಾದವು. ಮರುದಿನ ನಾಲ್ಕು ಗಂಟೆಯೂ ಅವನು ಕುಲುಮೆಯ ಮುಂದಿನ ಸ್ಟೂಲಿನಿಂದ ಏಳಲಿಲ್ಲ. ಇಂಜಿನಿಯರಮ್ಮ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು.

ಅದರ ಮಾರನೆಯ ದಿನ ಐದನ್ನೂ ಒಂದೊಂದಾಗಿ ಭಾರ ಹೇರಿ ನೋಡುವ ಯಂತ್ರಕ್ಕೆ ಕೊಟ್ಟರು. ಮುಳ್ಳು ಅರ್ಧ ದಾಟಿತು. ಇರಬೇಕಾದ ಗುರುತನ್ನೂ ದಾಟಿ ಮುಂದೆ ಹೋಯಿತು. ಐದರಲ್ಲಿ ಒಂದೂ ಮೊದಲೇ ಮುರಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ರಂಧ್ರಗಳು ಸಣ್ಣಗೆ, ದುಂಡಗೆ, ಒಂದಕ್ಕೊಂದು ಜಾಗ ಬಿಟ್ಟು ಕೂತಿದ್ದವು.

“ಒಂದೇ ಒಂದು ದಪ್ಪ ಕಾಳಿಲ್ಲ” ಎಂದಳು ಹುಡುಗಿ. “ಕಣ್ಣು ಕಾಣದೆ ಹೇಗೆ ಮಾಡಿದ್ರು?”

“ಜರಡಿ ತುಂಬ ಬೆರಳಾಡಿಸಿ ನೋಡೋಳು. ಒಂದು ಎಳೆ ಹರಿದಿದ್ರೂ ಸಿಕ್ಕಿಬೀಳೋದು.” ಅವನು ನಗಲು ಹೋಗಿ ಅತ್ತುಬಿಟ್ಟ.

‘ಜರಡಿಯ ದೋಷ’ ಎಂಬುದನ್ನು ಅವಳು ಹೊಡೆದುಹಾಕಿದಳು. ಅದರ ಕೆಳಗೆ, ತಾನು ಕಾವನ್ನು ಪೂರ್ತಿ ನಿಲ್ಲಿಸಲಿಲ್ಲವೆಂದು ಅವನೇ ಬರೆದು ಸಹಿ ಹಾಕಿದ. ಆಮೇಲೆ ಅಕ್ಕ ನಿಲ್ಲುತ್ತಿದ್ದ ಮೇಜಿನ ಹತ್ತಿರ ಹೋಗಿ ಕಣ್ಣು ಮುಚ್ಚಿದ.

ದೇವರೇ, ನಾನಾಡಿದ ಸುಳ್ಳು ನನ್ನ ಮೇಲೇ ಇರಲಿ. ಮೂವತ್ತು ವರ್ಷ ನಿಂತೇ ದುಡಿದವಳು ನಿನ್ನ ಹತ್ತಿರ ಬಂದಿದ್ದಾಳೆ. ಅವಳನ್ನು ಕೂರಿಸು. ಅವಳ ಕಾಲಿನ ನೋವು, ಕಣ್ಣಿನ ಮಂಜು ತೆಗೆ. ನಮ್ಮ ಚಿಂತೆ ಅವಳನ್ನು ಹಿಂಬಾಲಿಸದಿರಲಿ. ನನ್ನಕ್ಕನ ಜೀವಕ್ಕೆ ನೆಮ್ಮದಿ ಕೊಡು ತಂದೆ.