ಮಂಡಿಯೂರಬೇಡ

ನಮ್ಮ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಬಿದ್ದವರನ್ನು ಎಬ್ಬಿಸಿ ನಡೆಸುತ್ತೇವೆ. ನೆಲಮಾಳಿಗೆಯ ಶೋಕಮಂದಿರದಲ್ಲಿ, ಇನ್ನು ಏಳದವರನ್ನು ಮೂರು ದಿನ ಧೂಪ ಹಚ್ಚಿ ಕಳಿಸಿಕೊಡುತ್ತೇವೆ. ನಡುವೆ ಒಂದು ಲಿಫ್ಟು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಮೂರನೆಯ ಮಹಡಿ ನನ್ನದು. ಈ ಕಡಲೂರು ತೋಂಗ್‌ಯೋಂಗ್‌ನ ಅರ್ಧ ಜನರ ಮಂಡಿ, ಸೊಂಟ, ಭುಜಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಫಿಸಿಯೋಥೆರಪಿ ಮಾಡಿಸುವವರನ್ನು ಇಲ್ಲಿ ಟೀಚರ್ ಅಂತಲೇ ಕರೆಯುವುದು; ಬೆನ್ನ ಹಿಂದೆ ನನ್ನನ್ನು ಹುಲಿ ಟೀಚರ್ ಅನ್ನುತ್ತಾರೆ. ಅನ್ನಲಿ. ಮುದ್ದು ಮಾಡಿದರೆ ಯಾವ ಮಂಡಿಯೂ ಮಡಚುವುದಿಲ್ಲ.

ಮಾ ದಾನ್‌ಬಿ ಬಂದದ್ದು ಫೆಬ್ರವರಿಯಲ್ಲಿ, ಊರುಗೋಲಿನ ಮೇಲೆ. ಇಪ್ಪತ್ನಾಲ್ಕು ವರ್ಷ, ಊರಿನ ಹೆಂಗಸರ ಹ್ಯಾಂಡ್‌ಬಾಲ್ ತಂಡದ ಆಟಗಾರ್ತಿ. ಗೋಲಿನ ಮುಂದೆ ಹಾರಿ ಇಳಿಯುವಾಗ ಎಡ ಮಂಡಿ ತಿರುಚಿ ಲಿಗಮೆಂಟು ಹರಿದಿತ್ತು. ಎಲುಬುಗಳ ನಡುವಿನ ಮೆತ್ತೆಯೂ ಸೀಳಿತ್ತು. ಡಾಕ್ಟರು ಹೊಸ ಲಿಗಮೆಂಟು ಕೂರಿಸಿ, ಮೆತ್ತೆಗೆ ಹೊಲಿಗೆ ಹಾಕಿದ್ದರು. ನವೆಂಬರಿನ ಲೀಗ್‌ವರೆಗೆ ಜಾಗ ಖಾಲಿ ಇಡುತ್ತೇವೆ, ಅಷ್ಟರೊಳಗೆ ಆಡದಿದ್ದರೆ ಬೇರೆಯವರನ್ನು ತರುತ್ತೇವೆ ಎಂದು ತಂಡದವರು ಹೇಳಿ ಕಳಿಸಿದ್ದರು. ಕೈಯಲ್ಲಿ ಒಂಬತ್ತು ತಿಂಗಳಿತ್ತು. ಒಂದು ದಿನವೂ ಹಾಳಾಗದಿದ್ದರೆ ಸಾಕಿತ್ತು.

"ನಿಯಮ ಒಂದೇ," ಎಂದಿದ್ದೆ ಮೊದಲ ದಿನ. "ಆರು ತಿಂಗಳು ಮಂಡಿಯೂರೋ ಹಾಗಿಲ್ಲ. ಪೂರ್ತಿ ಮಡಚಿ ಅದರ ಮೇಲೆ ಭಾರ ಬಿಟ್ಯೋ, ಹೊಲಿಗೆ ಬಿಚ್ಚಿಕೊಳ್ಳತ್ತೆ. ರಾಷ್ಟ್ರಪತಿ ಎದುರಿಗೆ ಬಂದ್ರೂ ನಿಂತೇ ತಲೆ ಬಗ್ಗಿಸು."

"ರಾಷ್ಟ್ರಪತಿ ಎಲ್ಲಿ ಬರ್ತಾರೆ ಟೀಚರ್, ನಮ್ಮಪ್ಪ ಬರ್ತಾರೆ," ಎಂದು ನಕ್ಕಳು.

ಅಪ್ಪ ನಿಜಕ್ಕೂ ಬರುತ್ತಿದ್ದ. ಮಾ ಪಿಲ್‌ಗ್ಯು, ಸಿಂಪಿ ಬೆಳೆಸುವ ತೆಪ್ಪಗಳ ಮೇಲೆ ಕೆಲಸ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ, ಇರುವವಳು ಇವಳೊಬ್ಬಳೇ. ಸಮುದ್ರದಿಂದ ನೇರವಾಗಿ, ಮೈಯೆಲ್ಲ ಉಪ್ಪುವಾಸನೆ ಹೊತ್ತು ಬಂದು ಮಗಳ ಪಕ್ಕ ಕೂರುತ್ತಿದ್ದ.

"ಟೀಚರಮ್ಮ, ನೀವು ಸೈನ್ಯದಲ್ಲಿದ್ರಾ? ನಮ್ಮ ಸಾರ್ಜೆಂಟೂ ಹಿಂಗೇ ಕಿರುಚ್ತಿದ್ದ."

"ಅವನು ಸರಿಯಾಗಿ ಕಿರುಚಿದ್ರೆ ನೀವು ಈ ರಬ್ಬರ್ ಬೂಟಲ್ಲಿ ನನ್ನ ಕೋಣೆಗೆ ಬರ್ತಿರ್ಲಿಲ್ಲ."

"ಅಪ್ಪಾ, ಬಾಯಿ ಮುಚ್ಕೊಂಡು ಎಣಿಸು," ದಾನ್‌ಬಿ ಹಲ್ಲು ಕಚ್ಚಿಕೊಂಡು ಕಾಲೆತ್ತುತ್ತಾ ಗದರುವಳು.

ಅವನು ಎಣಿಸುವನು. ಹದಿಮೂರು, ಹದಿನಾಲ್ಕು, ಹದಿನೇಳು. ನಾನು ಕಣ್ಣು ಕೆಕ್ಕರಿಸಿದರೆ, "ಅವಳಿಗೆ ನೋಯ್ತಿದೆ ಟೀಚರಮ್ಮ, ಎರಡು ಬಿಟ್ರೆ ಸರ್ಕಾರ ಬೀಳತ್ತಾ?" ಎನ್ನುವನು. ಆ ಮನುಷ್ಯನನ್ನು ಬೈಯುವುದು ನನಗೆ ದಿನದ ಸುಖಗಳಲ್ಲಿ ಒಂದಾಗಿತ್ತು.

ಹತ್ತನೆಯ ವಾರಕ್ಕೆ ಮಂಡಿಯ ಪಟ್ಟಿ ಕಳಚಿದೆವು. ನಡಿಗೆಯಲ್ಲಿ ಕುಂಟು ಹೋಗಿತ್ತು. ಇಷ್ಟು ಚೆನ್ನಾಗಿ ಕೂಡಿಕೊಂಡ ಮಂಡಿಯನ್ನು ನಾನು ನೋಡಿದ್ದು ಕಡಿಮೆ. ನವೆಂಬರಿಗೆ ಇವಳು ಹಾರುತ್ತಾಳೆ ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು.

"ಟೀಚರ್, ಇವತ್ತು ಬರಕ್ಕಾಗಲ್ಲ. ಅಪ್ಪ ತೆಪ್ಪದ ಮೇಲೇ ಕುಸಿದುಬಿದ್ರಂತೆ. ಎದೆ. ನಾನು ಕೆಳಗಿದೀನಿ. ನೆಲಮಾಳಿಗೇಲಿ."

ನನ್ನ ಬಾಯಿಂದ ಬಂದ ಮೊದಲ ಮಾತು, "ಮಂಡಿಯೂರಬೇಡ." ಅಯ್ಯೋ ಅನ್ನಲಿಲ್ಲ, ಮಗೂ ಅನ್ನಲಿಲ್ಲ. ಥೂ, ನನ್ನ ನಾಲಿಗೆಗಿಷ್ಟು. ಆದರೆ ಶೋಕದ ಯಜಮಾನಿಕೆ ಹೊತ್ತವರ ಪಾಡು ನನಗೆ ಗೊತ್ತಿತ್ತು. ಮೂರು ದಿನ ತೀರಿಕೊಂಡವರ ಪಟದ ಪಕ್ಕದಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ನೆಲಕ್ಕೆ ಮಂಡಿಯೂರಿ ಹಣೆ ತಾಗಿಸಬೇಕು. ಗಟ್ಟಿಮುಟ್ಟಾದ ಗಂಡಸರೇ ಮೂರನೆಯ ದಿನ ಗೋಡೆ ಹಿಡಿದು ನಡೆಯುತ್ತಾರೆ.

"ಗೊತ್ತು ಟೀಚರ್. ನಿಂತೇ ಬಗ್ತೀನಿ," ಎಂದಳು. "ನವೆಂಬರಲ್ಲಿ ಆಡ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ."

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಳಗಿಳಿದೆ. ಚಪ್ಪಲಿ ಬಿಡುವ ಕಡೆಯಲ್ಲೇ ಬಂದವರಿಗೆ ಬಡಿಸುವ ಖಾರದ ದನದ ಮಾಂಸದ ಸಾರಿನ ವಾಸನೆ. ಹತ್ತಿರದ ಮೇಜಿನಲ್ಲಿ ಅವಳ ದೊಡ್ಡಪ್ಪ ಬಟ್ಟಲು ಹಿಡಿದು, ಬಂದವರಿಗೆಲ್ಲ ಕೇಳುವ ಹಾಗೆ ಗೊಣಗುತ್ತಿದ್ದ.

"ಪಟದ ಪಕ್ಕ ನನ್ನ ಮಗ ನಿಲ್ತಾನೆ ಕಣಮ್ಮಾ ಅಂದೆ. ಊಹೂಂ, ನಾನೇ ನಿಲ್ತೀನಿ ಅಂದ್ಲು. ನಿಂತಿದಾಳೆ ನೋಡಿ, ಲೈಟ್ ಕಂಬ ನಿಂತ ಹಾಗೆ! ಹೆತ್ತಪ್ಪ ಸತ್ತು ಮಲಗಿದ್ರೂ ಮಂಡಿ ನೆಲಕ್ಕೆ ತಾಗ್ಲಿಲ್ಲ. ಚೆಂಡಾಟದ ಕಾಲಂತೆ, ಚಿನ್ನದ ಕಾಲು!"

ದಾನ್‌ಬಿ ಕೇಳಿಸಿಕೊಂಡರೂ ಕೇಳಿಸದವಳಂತೆ ನಿಂತಿದ್ದಳು. ಕಪ್ಪು ಶೋಕದ ಉಡುಗೆ, ಕೂದಲಿಗೆ ಬಿಳಿ ಪಿನ್ನು, ಊದಿಕೊಂಡ ಕಣ್ಣು. ನನಗಿಂತ ಮೊದಲು ಬಂದ ಮುದುಕರೊಬ್ಬರು ಮಂಡಿಯೂರಹೊರಟಾಗ ಅವಳು ಅವರ ತೋಳು ಹಿಡಿದು, ಕಿವಿಯಲ್ಲಿ ಏನೋ ಹೇಳಿ, ಇಬ್ಬರೂ ನಿಂತೇ ಬಗ್ಗುವಂತೆ ಮಾಡಿದಳು. ಆಮೇಲೆ ನನ್ನತ್ತ ನೋಡಿ ಗದ್ದ ಕೊಂಚ ಎತ್ತಿದಳು. ನೋಡಿದ್ರಾ ಟೀಚರ್, ಮಾತು ಉಳಿಸಿಕೊಂಡೆ, ಅನ್ನುವ ಹಾಗೆ.

ಧೂಪ ಹಚ್ಚಿದೆ. ಪಟದಲ್ಲಿ ಪಿಲ್‌ಗ್ಯು ನಗುತ್ತಿದ್ದ. ಇನ್ನೇನು ಹದಿನಾಲ್ಕಾದ ಮೇಲೆ ಹದಿನೇಳು ಎನ್ನುವ ಮುಖ. ಅವನಿಗೆ ಮಂಡಿಯೂರಿ ಎರಡು ಸಲ ನಮಸ್ಕರಿಸಿದೆ. ಏಳುವಾಗ ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸಿನ ಅಭ್ಯಾಸ. ಪಟಕ್ಕೆ ಎರಡು, ಬದಿಗೆ ತಿರುಗಿ ಶೋಕದವರಿಗೆ ಒಂದು. ದೇಹ ತನ್ನಷ್ಟಕ್ಕೆ ತಿರುಗಿತು. ಮಂಡಿ ತನ್ನಷ್ಟಕ್ಕೆ ಮಡಚಿತು. ಅವಳ ಕಾಲ ಮುಂದೆ ನೆಲದ ಮೇಲೆ ಹಣೆಯಿಟ್ಟೆ.

ತಲೆ ನೆಲದಲ್ಲಿತ್ತು, ಆದ್ದರಿಂದ ನೋಡಲಿಲ್ಲ. ಕೇಳಿಸಿತು. ಲಂಗದ ಸರಭರ, ನೆಲಕ್ಕೆ ಅಂಗೈ ತಾಗಿದ ಸದ್ದು. ಹಿಂದಿನಿಂದ ದೊಡ್ಡಪ್ಪನ ದನಿ: "ಹಾಂ! ಈಗ ನೋಡಿ. ಮಗಳು ಅಂದ್ರೆ ಹಿಂಗಿರ್ಬೇಕು."

ತಲೆ ಎತ್ತಿದಾಗ ಅವಳು ನನ್ನೆದುರು ಪೂರ್ತಿ ಮಂಡಿಯೂರಿ ಬಗ್ಗಿದ್ದಳು. "ಏಳಬೇಡ, ಹಾಗೇ ಇರು!" ಎಂದು ಕಿರುಚಿದೆ. ಅಷ್ಟರಲ್ಲಿ ಏಳತೊಡಗಿದ್ದಳು. ಲಂಗದ ಅಂಚು ಕಾಲಡಿಗೆ ಸಿಕ್ಕಿ ಎಡಗಾಲು ತಿರುಚಿತು. ಟಕ್ ಎಂದಿತು. ಅರ್ಧ ಮಡಚಿದ ಮಂಡಿ ಹಾಗೇ ಸಿಕ್ಕಿಕೊಂಡು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಕೊನೆಗೆ ಆ ದೊಡ್ಡಪ್ಪನೇ ಅಳುತ್ತಾ ಅವಳನ್ನು ಬೆನ್ನ ಮೇಲೆ ಹೊತ್ತು ಲಿಫ್ಟಿಗೆ ಓಡಿದ.

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ನನ್ನದು. ಎರಡನೆಯ ಆಪರೇಷನ್ನಿನಲ್ಲಿ ಹೊಲಿಗೆ ಬಿಚ್ಚಿದ ಮೆತ್ತೆಯನ್ನು ಕತ್ತರಿಸಿ ತೆಗೆದರು. ಸಡಿಲವಾದ ಲಿಗಮೆಂಟನ್ನು ಮತ್ತೆ ಕಟ್ಟಿದರು. ನಡೆಯಬಹುದು, ಮೆಲ್ಲಗೆ ಓಡಲೂಬಹುದು, ಹಾರಿ ಇಳಿಯುವುದು ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ತಂಡದವರು ಮೇ ತಿಂಗಳಲ್ಲೇ ಬೇರೆ ಹುಡುಗಿಯನ್ನು ತಂದರು.

ನನ್ನ ಬದಲು ಬೇರೆಯವರನ್ನು ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿ ಎಂದು ಬೇಡಿಕೊಂಡೂ ಇದ್ದೆ. ಅವಳು ಊರುಗೋಲೂರುತ್ತಾ ಬಂದು ಅದೇ ಹಾಸಿಗೆಯ ಮೇಲೆ ಕೂತು ಕಾಲು ಚಾಚಿದಳು. ಹಿಮ್ಮಡಿ ಹಿಡಿದುಕೊಂಡೆ. ಎಣಿಸುವವರು ಯಾರೂ ಇರಲಿಲ್ಲ.

"ಬೈದುಬಿಡು ನನ್ನ," ಎಂದೆ. "ಒಂದ್ಸಲ ಬಾಯ್ತುಂಬ ಬೈದುಬಿಡೇ."

"ಯಾಕ್ ಬೈಲಿ? ಅಷ್ಟೊಂದು ಜನ ಬಂದ್ರು ಟೀಚರ್, ಒಬ್ಬರಿಗೂ ಮಂಡಿಯೂರ್ಲಿಲ್ಲ. ದೊಡ್ಡಪ್ಪ ಅಷ್ಟು ಅಂದ್ರೂ ಬಗ್ಗಲಿಲ್ಲ. ನೀವು ನನ್ನ ಕಾಲ ಹತ್ರ ನೆಲದಲ್ಲಿದ್ರಿ. ನಾನು ಹೆಂಗೆ ನಿಂತಿರ್ಲಿ, ಹೇಳಿ."

ಹಿಮ್ಮಡಿಯನ್ನು ಮೆಲ್ಲಗೆ ಅವಳತ್ತ ತಳ್ಳಿದೆ. ನಲವತ್ತು ಡಿಗ್ರಿಗೇ ಮಂಡಿ ಕಲ್ಲಿನಂತೆ ನಿಂತಿತು.

"ಮುಂದಿನ ಏಪ್ರಿಲ್ ಹೊತ್ತಿಗೆ ಮಂಡಿಯೂರಕ್ಕೆ ಆಗತ್ತಾ ಟೀಚರ್?"

"ಏಪ್ರಿಲಲ್ಲಿ ಏನಿದೆ?"

"ಅಪ್ಪನ ವರ್ಷದ ತಿಥಿ." ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹಾಗೇ ಇಳಿಯಿತು. "ಶವಪೆಟ್ಟಿಗೆ ಮುಚ್ಚೋವಾಗ್ಲೂ ಮಂಡಿಯೂರಕ್ಕೆ ಆಗ್ಲಿಲ್ಲ. ನಿಮಗೆ ಮಂಡಿಯೂರಿದೆ. ಅಪ್ಪಂಗೆ ಇನ್ನೂ ಮಂಡಿಯೂರಿಲ್ಲ."

ಆ ಮಂಡಿ ಮತ್ತೆಂದೂ ಅಷ್ಟು ಮಡಚುವುದಿಲ್ಲ ಎಂದು ಕೈಯಲ್ಲಿ ಹಿಡಿದುಕೊಂಡಿದ್ದ ನನಗೆ ಚೆನ್ನಾಗಿ ಗೊತ್ತಿತ್ತು.

"ಆಗತ್ತೆ," ಎಂದೆ.

ಅವಳು ಹಾಸಿಗೆಯ ಅಂಚು ಹಿಡಿದು, ಹಲ್ಲು ಕಚ್ಚಿ, ಮಡಚತೊಡಗಿದಳು.