ಕಪ್ಪು ಚೌಕಗಳ ಕ್ಲಾಸು

ಆನ್‌ಲೈನ್‌ನಲ್ಲಿ ಶಿಕ್ಷಣಶಾಸ್ತ್ರದ ಎಂ.ಎ. ಸೇರಿದಾಗ ಕುಷ್ಟಗಿಯ ಮುಬಾಶಿರಾಗೆ ಇದ್ದ ಹುರುಪು ದೀಪಾವಳಿ ಹೊತ್ತಿಗೆಲ್ಲ ಇಳಿದುಹೋಗಿತ್ತು. ಹಗಲು ಖಾಸಗಿ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಪಾಠ, ಸಂಜೆ ಅವಳದೇ ಕ್ಲಾಸು. ಆ ಹೊತ್ತಿಗೆ ಗಂಡ ಅಕ್ಬರ ಮಗಳನ್ನೆತ್ತಿಕೊಂಡು ಹೊರಗೆ ಹೋಗಿ ಮನೆ ಖಾಲಿ ಮಾಡಿಕೊಡುತ್ತಿದ್ದ. ಅವಳು ಮಾತ್ರ ಕ್ಯಾಮೆರಾ ಮುಚ್ಚಿ, ಫೋನನ್ನು ಕಿಟಕಿಯಲ್ಲಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಹಾಜರಿ ಬೀಳುತ್ತಿತ್ತು, ತಲೆಗೆ ಏನೂ ಬೀಳುತ್ತಿರಲಿಲ್ಲ. ಗಂಡನಿಗೆ ಇದನ್ನು ಹೇಳಲು ನಾಚಿಕೆ.

ಅಂಥವಳಿಗೇ ಸೆಮಿನಾರಿಗೆ ಬಂದ ವಿಷಯ, ಆನ್‌ಲೈನ್ ಕಲಿಕೆಯಲ್ಲಿ ವಿದ್ಯಾರ್ಥಿಗಳ ಅಭಿಪ್ರೇರಣೆ! ಪುಸ್ತಕ ತೆರೆದು ನೋಡಿದಳು. ಕಲಿಯುವ ಮನಸ್ಸು ಬರಬೇಕಾದರೆ ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ ಬೇಕು, ನನ್ನ ಕೈಲಾಗುತ್ತದೆಂಬ ನಂಬಿಕೆ ಬೇಕು, ಜೊತೆಗೆ ನಾಲ್ಕು ಜನರಿದ್ದಾರೆಂಬ ಧೈರ್ಯ ಬೇಕು ಎಂದಿತ್ತು. ಮೊದಲನೆಯದು ಅವಳಲ್ಲಿತ್ತು. ಉಳಿದೆರಡು ಎಲ್ಲಿ ಕಳೆದುಹೋದವೋ. ನೆಟ್‌ವರ್ಕ್ ಇರಲಿಲ್ಲವೆಂದು ಸುಳ್ಳು ಹೇಳಿ ಸೆಮಿನಾರು ತಪ್ಪಿಸುವುದು, ಆಮೇಲೆ ಮೆಲ್ಲಗೆ ಕೋರ್ಸನ್ನೇ ಬಿಟ್ಟುಬಿಡುವುದು ಎಂದು ಪುಸ್ತಕ ಮುಚ್ಚಿಟ್ಟಳು.

ಸೆಮಿನಾರಿನ ದಿನ ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

“ಅಕ್ಕಾರ, ನಾನು ಯಲಬುರ್ಗಾದ ಅನುಷಾರಿ, ನಿಮ್ಮ ಕ್ಲಾಸಿನಾಕಿ. ಇವತ್ತ ನಿಮ್ಮ ಸೆಮಿನಾರ್ ಐತೆಲ್ಲ, ಸ್ವಲ್ಪ ಸಾವಕಾಶ ಹೇಳ್ತೀರೇನ್ರಿ? ಆ ಪಾಠ ನಂಗ ಒಂದಕ್ಷರಾನೂ ತಿಳಿವಲ್ದು.”

ಮುಬಾಶಿರಾಗೆ ನಗು ತಡೆಯಲಾಗಲಿಲ್ಲ. “ನಂಗೂ ತಿಳಿವಲ್ದವಾ ತಂಗಿ. ಬಿಟ್ಟಬಿಡಬೇಕಂತ ಮಾಡೀನಿ.”

“ಅಯ್ಯ, ನೀವೂ? ನಾನೊಬ್ಬಾಕೀನ ದಡ್ಡಿ ಅಂತ ತಿಳ್ಕೊಂಡಿದ್ದೆ. ಕ್ಲಾಸ್ ಹಚ್ಚಿಟ್ಟು ಮಕ್ಕೊಂಡಬಿಡ್ತೀನ್ರಿ.”

“ನಾ ರೊಟ್ಟಿ ಬಡೀತೀನಿ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫೋನಿಟ್ಟ ಮೇಲೆ ಮುಬಾಶಿರಾ ಮತ್ತೆ ಪುಸ್ತಕ ತೆಗೆದಳು.

ಸಂಜೆ ಅವಳು ಕ್ಯಾಮೆರಾ ತೆರೆದು ಕೂತಳು. “ಸರ, ಪುಸ್ತಕದಾಗಿಂದು ಆಮ್ಯಾಲ ಹೇಳ್ತೀನ್ರಿ. ಮೊದಲ ನಂದ ಹೇಳ್ತೀನಿ,” ಎಂದು ಶುರುಮಾಡಿ, ರೊಟ್ಟಿ ಬಡಿದದ್ದನ್ನೂ, ಎಲ್ಲರಿಗೂ ತಿಳಿದಿದೆ, ತನಗೊಬ್ಬಳಿಗೇ ತಿಳಿದಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. “ಇವತ್ತ ಒಬ್ಬಾಕಿ ಫೋನ್ ಮಾಡಿ ನಂಗೂ ತಿಳಿದಿಲ್ಲ ಅಂದ್ಲು. ಅಷ್ಟ ನೋಡ್ರಿ. ಆಮ್ಯಾಲ ಓದಿದ್ರ ಅರ್ಧ ಪಾಠ ತಿಳೀತು.”

ಇನ್ನು ಅಂಕ ಹೋದವು ಎಂದುಕೊಂಡಳು. ಅಷ್ಟರಲ್ಲಿ ಪರದೆ ತುಂಬಿದ್ದ ಪಾಠದ ಸ್ಲೈಡು ಸರಿದು, ಪಾಠ ಹೇಳುವ ಪಕ್ಕೀರಪ್ಪ ಮೇಷ್ಟ್ರ ಮುಖ ಕಂಡಿತು.

“ಭಾಳ ಛಲೋ ಆತವಾ. ಯಾರರ ಕೇಳಾಕ್ಹತ್ಯಾರೋ ಇಲ್ಲೋ ನಂಗೂ ಗೊತ್ತಿದ್ದಿಲ್ಲ. ಗ್ವಾಡಿಗೆ ಪಾಠ ಹೇಳಿದಂಗ ಆಗಿತ್ತು. ನಾನೂ ಬ್ಯಾಸತ್ತಿದ್ದೆ.”

ಉಳಿದವರೂ ಕ್ಯಾಮೆರಾ ತೆರೆದು, ಪರದೆಯ ಕಪ್ಪು ಚೌಕಗಳು ಒಂದೊಂದಾಗಿ ಬೆಳಗತೊಡಗಿದವು. ಗಂಗಾವತಿಯವನೊಬ್ಬ ಬಟ್ಟೆ ಅಂಗಡಿಯಲ್ಲೇ ಕೂತಿದ್ದ; ಕುಕನೂರಿನವಳ ತೊಡೆಯ ಮೇಲೆ ಕೂಸಿತ್ತು. ದೊಡ್ಡ ಕನ್ನಡಕದ ಅನುಷಾ ಕೈಬೀಸಿದಳು. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. ಕ್ಲಾಸು ಮುಗಿಯುವ ಹೊತ್ತು ಮೀರಿದರೂ ಯಾರೂ ಎದ್ದುಹೋಗಲಿಲ್ಲ.

ಅಕ್ಬರ ಮರಳಿ ಬಂದಾಗ ಮುಬಾಶಿರಾ ಅವನಿಗೂ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ, ಕೋರ್ಸು ಬಿಡಬೇಡ ಅಂದನಷ್ಟೇ. ಬಿಡುವ ಮಾತು ಅವಳ ಮನಸ್ಸಿನಿಂದ ಆಗಲೇ ಹೋಗಿತ್ತು. ಮುಂದಿನ ಭಾನುವಾರ ಅನುಷಾ ಬಸ್ಸು ಹತ್ತಿ ಕುಷ್ಟಗಿಗೆ ಬಂದಳು. ಮಗಳು ನಡುವೆ ಬಂದು ಹಾಳೆ ಎಳೆಯುತ್ತಿದ್ದರೂ ಇಬ್ಬರೂ ಸಂಜೆಯವರೆಗೆ ಮುಂದಿನ ಪಾಠ ಓದಿದರು.