ಆಸಾಡಿಯಲ್ಲಿ ನೋಡಿದ ಜಾಗ

ಸಮುದ್ರದಿಂದ ಸೂರ್ಯ ಏಳುವುದು ಮಂಜುನಾಥನಿಗೆ ಇನ್ನೂ ಸರಿಬಂದಿರಲಿಲ್ಲ. ಕುಂದಾಪುರದ ಕಡೆ ಐವತ್ತು ವರ್ಷ ಅದು ಸಮುದ್ರದಲ್ಲಿ ಮುಳುಗುವುದನ್ನೇ ಕಂಡವನು. ಮದ್ರಾಸಿಗೆ ಬಂದು ಆರು ತಿಂಗಳಾದರೂ ಮಳೆಮೋಡ ನೋಡಲು ಪಡುವಣಕ್ಕೇ ಕತ್ತೆತ್ತುತ್ತಿದ್ದ. ಈ ಸಲ ಮೋಡ ಬೆನ್ನ ಹಿಂದಿನಿಂದ ಬಂತು. ಬಂದು ಮೂರು ದಿನವಾದರೂ ಬಿಡಲಿಲ್ಲ.

ಪೆರುಂಗುಡಿಯ ಹಳೇ ಇಟ್ಟಿಗೆ ಶೆಡ್ಡಿನೊಳಗೆ ಅವನು ಬಾಗಿಲಿಗೂ ಒಲೆಗೂ ತಿರುಗುತ್ತಿದ್ದ. ನಾಳೆ ಸೋಮವಾರ. ಎದುರಿನ ಕಂಪ್ಯೂಟರ್ ಕಚೇರಿಗೆ ಇನ್ನೂರು ಊಟ ಹೋಗಬೇಕು. ಅವನ ಸ್ವಂತ ಒಲೆಯ ಮೊದಲ ಊಟ. ನೀರು ಹೊಸ್ತಿಲು ಮುಟ್ಟಿತ್ತು.

ತಮ್ಮ ಉಪೇಂದ್ರ ಇಪ್ಪತ್ತೈದು ವರ್ಷದ ಹಿಂದೆಯೇ ಅಡ್ಯಾರಿನಲ್ಲಿ ಹೋಟೆಲು ಹಾಕಿದವನು. ಅಣ್ಣನನ್ನು ಅಡುಗೆಮನೆ ನೋಡಿಕೊಳ್ಳಲು ಕರೆಸಿದ್ದ. ತಾನು ಮೂಗು ಒರೆಸಿ ಬೆಳೆಸಿದ ಹುಡುಗ ಹತ್ತು ಜನರೆದುರು 'ಉಪ್ಪು ಸ್ವಲ್ಪ ಕಮ್ಮಿ' ಅಂದ ದಿನವೇ ಮಂಜುನಾಥ ಬೇರೆ ಜಾಗ ಹುಡುಕಲು ಹೊರಟ.

ಅವನ ಊರಲ್ಲಿ ಆಸಾಡಿ ತಿಂಗಳ ಮಳೆಯಲ್ಲಿ ನೋಡದೆ ಯಾರೂ ಜಾಗ ಹಿಡಿಯುವುದಿಲ್ಲ. ಆಗ ನೀರು ನಿಲ್ಲದಿದ್ದರೆ ಮತ್ತೆಂದೂ ನಿಲ್ಲದು. ಹಾಗೆಂದು ಶೆಡ್ಡಿನ ಮಾಲೀಕನನ್ನು ಆಸಾಡಿ ಪೂರ್ತಿ ಕಾಯಿಸಿದ. ಎರಡು ಸಂಜೆ ಗುಡುಗಿ ಸುರಿಯಿತು. ಬೆಳಗಾಗುವಾಗ ನೆಲ ಒಣಗಿ, ಆಡುಗಳು ಮೇಯುತ್ತಿದ್ದವು. ಇದೇ ಜಾಗವೆಂದು ನಿಶ್ಚಯಿಸಿದ.

"ಅಣ್ಣಯ್ಯ, ಇಲ್ಲಿ ಮಳಿ ಬಪ್ದ್ ದೀಪಾವಳಿ ಹೊತ್ತಿಗೆ. ಅಲ್ಲಿವರಿಗೆ ತಡಿ" ಎಂದಿದ್ದ ಉಪೇಂದ್ರ.

"ಮಳಿ ಅಂದ್ರೆ ಎಂತದ್ ಅಂತ ನಂಗ್ ಕಲ್ಸ್ತಿಯಾ ನೀನ್?"

ತರಕಾರಿ ಹೆಚ್ಚಲು ಸೇರಿದ್ದ ಪಕ್ಕದ ಕೇರಿಯ ಬೇಬಿಯೂ ಹೇಳಿದ್ದಳು: "ಸಾಮಿ, ಆಡಿ ಮಾಸ ಕಾತ್ತು ತಾನ್. ಮಳೆ ಐಪ್ಪಸಿಗೆ." ಅವನ ಆಸಾಡಿಯೇ ಅವಳ ಆಡಿ; ಅವಳಿಗೆ ಅದು ಬರೀ ಗಾಳಿಯ ತಿಂಗಳು, ಮಳೆಯದು ದೀಪಾವಳಿಯ ಐಪ್ಪಸಿ. ಹೋದ ವಾರ ಅವಳು ಅಕ್ಕಿಮೂಟೆಗಳನ್ನು ಇಟ್ಟಿಗೆಯ ಮೇಲೆ ಏರಿಸಿಟ್ಟಾಗ, ದಾರಿಗೆ ಅಡ್ಡವೆಂದು ಗದರಿ ಇವನೇ ಇಳಿಸಿದ್ದ.

ಈಗ ನೀರು ಒಳಗೆ ಬಂತು. ಬೇಬಿ ಮಾತಾಡದೆ ಇಟ್ಟಿಗೆ ಜೋಡಿಸತೊಡಗಿದಳು. ಅವಳ ಬಾಯಿ ಬಿಗಿದದ್ದು ಇವನಿಗೆ ಬೈಗುಳಕ್ಕಿಂತ ಜಾಸ್ತಿ ಉರಿಯಿತು. ಇಬ್ಬರೂ ಮೂಟೆ ಎತ್ತಿದರು. ಗ್ರೈಂಡರ್ ಅಲುಗಲಿಲ್ಲ. ನೀರು ಮೊಣಕಾಲಿಗೆ ಬರುವ ಹೊತ್ತಿಗೆ ಗೋಡೆಯ ಹೊಸ ಸುಣ್ಣ ಹಪ್ಪಳದಂತೆ ಎದ್ದು ಬಿತ್ತು. ಅಡಿಯಲ್ಲಿ ಕಂದು ಗೆರೆಗಳು ಕಂಡವು, ಒಂದರ ಮೇಲೊಂದು, ಮೂರು.

"ಇದೆಂತದು?"

ಬೇಬಿ ಕೆಳಗಿನ ಗೆರೆ ಮುಟ್ಟಿದಳು. "ಇದು ನನ್ ಕಲ್ಯಾಣ ಆದ ವರ್ಷದ ನೀರು." ನಡುವಿನದು ಮಗಳು ಹುಟ್ಟಿದ ವರ್ಷದ್ದು. ಮೇಲಿನದು ಅವನ ಎದೆಮಟ್ಟಕ್ಕಿತ್ತು. "ಇದಕ್ಕೆ ನಮ್ ಮನೆ ಹೋಯ್ತು, ಸಾಮಿ."

ಒಂದು ತಿಂಗಳು ಆಕಾಶ ನೋಡಿದವನು ಗೋಡೆಯನ್ನು ಉಗುರಲ್ಲಿ ಕೆರೆದು ನೋಡಿರಲಿಲ್ಲ.

ಅಷ್ಟರಲ್ಲಿ ಪಂಚೆ ಎತ್ತಿಕಟ್ಟಿಕೊಂಡು ಉಪೇಂದ್ರ ನೀರಲ್ಲಿ ಬಂದ.

"ಎಂತಕ್ ಬಂದೆ? ನಗಾಡುಕಾ?"

"ನಗಾಡುದಾರೆ ಮನಿಯಲ್ಲೇ ಕೂತ್ ನಗಾಡ್ತಿದ್ದೆ. ಅಡಿಗಿ ನಮ್ಮಲ್ಲೇ ಮಾಡ್ವ, ಬಾ."

"ಅವತ್ತೇ ಗಟ್ಟಿ ಹೇಳುಕ್ ಆಯ್ಲಿಲ್ಯಾ ನಿಂಗೆ?"

"ನಿಂಗ್ ಗಟ್ಟಿ ಹೇಳುಕೆ ಅಪ್ಪಯ್ಯನೇ ಎದ್ದ್ ಬರ್ಕ್."

ಬೇಬಿಗೆ ಅರ್ಥವಾಯಿತೋ ಏನೋ, ಸೆರಗು ಬಾಯಿಗೆ ಹಿಡಿದಳು.

ಮಂಜುನಾಥ ಒಲೆಯ ಪಕ್ಕದ ಬುಟ್ಟಿಯಿಂದ ಇದ್ದಿಲು ಹೆಕ್ಕಿ, ಮೂರನೆಯ ಗೆರೆಗಿಂತ ಒಂದು ಗೇಣು ಮೇಲೆ ಗೀರಿದ. "ಇಲ್ಲಿಗ್ ಬರ್ಕ್, ಮೂಟಿ ಇಡು ಕಟ್ಟೆ" ಎಂದ. ಯಾರಿಗೆ ಹೇಳಿದನೋ. ಹೊರಗೆ ಮೂಡಣದ ಗಾಳಿ ಮತ್ತೊಂದು ಕಪ್ಪು ಮೋಡವನ್ನು ನೂಕಿ ತರುತ್ತಿತ್ತು. ಈಗ ಮಂಜುನಾಥ ಆ ಕಡೆಗೇ ತಿರುಗಿ ನೋಡಿದ.

ಆಮೇಲೆ ಅಕ್ಕಿಮೂಟೆಯ ಒಂದು ತುದಿ ಹಿಡಿದ.

"ನಾಳಿ ಒಲಿ ನಿಂದ್. ಉಪ್ಪ್ ಹಾಕುದ್ ನಾನ್."

ಉಪೇಂದ್ರ ಇನ್ನೊಂದು ತುದಿ ಎತ್ತಿದ.